ಮುಸುಕು ಹಾಕಿದ ಹೊಳೆ

ಚಿತ್ರಗಾರ ಫುಲ್ಬೇರರು ಮುಂದಕ್ಕೆ ನಡೆದದ್ದಕ್ಕಿಂತ ಹಿಂದಕ್ಕೆ ನಡೆದದ್ದೇ ಹೆಚ್ಚು. ಸೇನ್ ಹೊಳೆಯ ದಂಡೆಯಲ್ಲಿ ಕ್ಯಾನ್ವಾಸು ನಿಲ್ಲಿಸಿ, ಕುಂಚದಿಂದ ಒಂದು ಚುಕ್ಕೆಯಿಟ್ಟು, ಅದು ನೀರಾಯಿತೋ ಬರಿಯ ಬಣ್ಣವಾಗಿಯೇ ಉಳಿಯಿತೋ ಎಂದು ಕಣ್ಣು ಕಿರಿದಾಗಿಸಿ ಹಿಂದೆ ಹಿಂದೆ ಸರಿಯುತ್ತ, ನಮ್ಮ ಒಗೆಯುವ ಬಟ್ಟೆಯ ಬುಟ್ಟಿಗಳನ್ನು ಎಡವಿ, ಒಮ್ಮೆ ಹೊಳೆಗೇ ಬಿದ್ದರು.

"ಈಗ್ಲಾದ್ರೂ ಗೊತ್ತಾಯ್ತಾ ಸ್ವಾಮಿ, ನೀರು ಹೆಂಗಿರುತ್ತೆ ಅಂತ?" ಎನ್ನುತ್ತ ನಮ್ಮ ಜೊತೆಯ ಅಗಸಗಿತ್ತಿ ಝೆಲಿ ಕೋಲು ಚಾಚಿ ಎಳೆದುಕೊಂಡಳು.

"ತಣ್ಣಗಿರುತ್ತೆ ತಾಯಿ. ಆ ತಂಪೇ ನಂಗೆ ಚಿತ್ರದಲ್ಲಿ ಸಿಗ್ತಿಲ್ಲ," ಎಂದರು, ಹಲ್ಲು ಕಟಕಟಿಸುತ್ತ.

ಕುಂಚ ಒರೆಸಿ ಒರೆಸಿ ಅವರ ಕೋಟಿನ ಎಡತೋಳು ಹಲಗೆಯಂತಾಗಿತ್ತು. ಒಗೆದು ಕೊಡುತ್ತೇನೆಂದರೆ, "ಬೇಡಮ್ಮ, ಹೋದ ಬೇಸಿಗೆಯೆಲ್ಲ ಅದ್ರಲ್ಲೈತೆ," ಎನ್ನುವರು. ಆದರೆ ಬೇಸಿಗೆಯಿಡೀ ಬರೆದ ಚಿತ್ರವನ್ನು ಮಾತ್ರ ಎಲೆ ಉದುರುವ ಹೊತ್ತಿಗೆ ಚಾಕುವಿನಿಂದ ತಾವೇ ಕೆರೆದುಹಾಕುವರು. ಚಿತ್ರ ಮಾರುವ ಪ್ಯಾರಿಸಿನ ಅಂಗಡಿಯವನೊಬ್ಬ ಅವರ ನೀರನ್ನು ಸುಣ್ಣದ ಗೋಡೆಯೆಂದಿದ್ದನಂತೆ. ಆ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು.

ಆ ವರ್ಷ ಬರೆದದ್ದು ಬೆಳಗಿನ ಹೊಳೆ, ದಂಡೆಯ ಮೇಲೆ ಬಾಗಿದ ನೀರಂಜಿ ಮರ, ಅದರಡಿ ಝೆಲಿಯ ಗಂಡ ಅಂಬಿಗ ಆಂತೀಮನ ದೋಣಿ. ಒಣಗಲೆಂದು ಆ ಚಿತ್ರವನ್ನು ಝೆಲಿಯ ಅಡುಗೆಮನೆಯ ಗೋಡೆಗೆ ತೂಗುಹಾಕಿ, "ಇದೂ ನೀರಲ್ಲ ಬಿಡಿ. ಭಾನುವಾರ ಬಂದು ಕೆರೆದುಬಿಡ್ತೀನಿ," ಎಂದು ಹೋದರು.

ಆ ವಾರವೇ ಆಂತೀಮ್ ಎದೆಜ್ವರದಿಂದ ತೀರಿಕೊಂಡ. ಸಾವಿನ ಮನೆಯಲ್ಲಿ ನಿಂತ ನೀರಿರಬಾರದು, ಹೊರಟ ಜೀವ ಅದರೊಳಗೆ ಜಾರಿ ಮುಳುಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಾವು ಗಡಿಯಾರ ನಿಲ್ಲಿಸಿ, ಕನ್ನಡಿ ಮುಚ್ಚಿ, ಹೂಜಿಗಳನ್ನೆಲ್ಲ ಬರಿದು ಮಾಡಿದೆವು.

ಭಾನುವಾರ ಚಾಕು ಹಿಡಿದೇ ಬಂದ ಫುಲ್ಬೇರರು ಬಾಗಿಲಲ್ಲಿ ಸುದ್ದಿ ಕೇಳಿ, ಟೋಪಿ ತೆಗೆದು ಒಳಗೆ ಬಂದು, ಗೋಡೆ ನೋಡಿದರು. ಚಿತ್ರದ ಮೇಲೆ ದುಪ್ಪಟಿ ಇಳಿಬಿದ್ದಿತ್ತು.

"ಇದನ್ಯಾಕಮ್ಮ ಮುಚ್ಚಿದೀರಿ?"

"ಮತ್ತಿನ್ನೇನು ಮಾಡ್ಲಿ ಸ್ವಾಮಿ?" ಅತ್ತು ಅತ್ತು ಝೆಲಿಯ ದನಿ ಬಿದ್ದುಹೋಗಿತ್ತು. "ಹೂಜಿಯಾದ್ರೆ ಚೆಲ್ಲಬಹುದು, ಇದನ್ನ ಎಲ್ಲಿಗೆ ಚೆಲ್ಲಲಿ? ನಮ್ಮೆಜಮಾನ್ರಿಗೆ ಮೊದಲೇ ಈಜು ಬರ್ತಿರಲಿಲ್ಲ."

ಫುಲ್ಬೇರರು ಒಂದೊಂದೇ ಹೆಜ್ಜೆ ಹಿಂದೆ ಸರಿದು, ಬೆನ್ನಿಗೆ ಬಾಗಿಲ ಚೌಕಟ್ಟು ತಾಕಿದಾಗ ನಿಂತರು. ಆಮೇಲೆ ಚಾಕುವನ್ನು ಕೋಟಿನ ತೋಳಿಗೆ ಚೆನ್ನಾಗಿ ಒರೆಸಿ, ಹೆಣ ಕಾಯಲು ಕುಳಿತವರಿಗೆಲ್ಲ ರೊಟ್ಟಿ ಕೊಯ್ದು ಹಂಚಿದರು. ಮಣ್ಣಾದ ಮೇಲೆ ಝೆಲಿ ದುಪ್ಪಟಿ ತೆಗೆದಳು. ಹೊಳೆ ಇಂದಿಗೂ ಆ ಗೋಡೆಯಲ್ಲೇ ಇದೆ.

ತಾವು ಮಾಡಿದ್ದು ಸರಿಬಂತೇ ಎಂದು ಕಾಣಲು ಇಂಥವರು ಜೀವಮಾನವೆಲ್ಲ ಹಿಂದೆ ಸರಿಯುತ್ತಲೇ ಇರುತ್ತಾರೆ. ಎಷ್ಟು ಸರಿದರೂ ಕಾಣದು. ಯಾರಾದರೂ ಹೊಗಳಿದರೆ ಅವರು ನಂಬುವುದಿಲ್ಲ, ಚಿತ್ರ ಕಂಡು ಹೆದರಿದರೆ ನಂಬುತ್ತಾರೆ.