ಹಸಿರೆಲ್ಲ ಮೇವಲ್ಲ

ಬೇಸಿಗೆಯಲ್ಲಿ ಸವದತ್ತಿಯ ಆಣೆಕಟ್ಟಿನ ನೀರು ಹಿಂದೆ ಸರಿದಾಗ ಅದರ ತಳದಲ್ಲಿ ಹುಲ್ಲು ಏಳುತ್ತದೆ. ಮೊನ್ನೆ ಮೊನ್ನೆ ಮೀನು ಓಡಾಡಿದ ಜಾಗದಲ್ಲಿ ನಮ್ಮ ಕುರಿಗಳು ಮೇಯುತ್ತವೆ. ಬಿಸಿಲಲ್ಲಿ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಸುರುವಾಯಿತು ತಿಳಿಯುವುದೇ ಇಲ್ಲ. ನಾನು ಬಿ.ಎ. ಮುಗಿಸಿ ಶಿಕ್ಷಕರ ಪರೀಕ್ಷೆಗೆ ಓದುತ್ತಿದ್ದೇನೆ. ನಾನು ಮುಂದೆ ಕಲಿಸುವ ಸಾಲೆ ಆ ನೀರಿನಾಚೆಗೇ ಇದೆ ಎಂದು ಎಷ್ಟೋ ಸಲ ಅನ್ನಿಸುತ್ತದೆ. ಮಕ್ಕಳು ಮಗ್ಗಿ ಹೇಳುವುದೂ ಕೇಳಿಸುತ್ತದೆ. ಅಪ್ಪನಿಗೆ ಕೇಳಿಸುವುದಿಲ್ಲ.

"ರಾಣಿ, ಸರಕಾರದ ಯುವನಿಧಿ ರೊಕ್ಕ ಬರತೈತಿ ಅಂತ ಕುಂತ್ರ ಹೆಂಗ?" ಎಂದ ಅಪ್ಪ, ನಾನು ತಂದ ಬುತ್ತಿ ಬಿಚ್ಚುತ್ತ. "ಸುಭಾಸ ಇವತ್ತ ಫೋನ್ ಮಾಡತಾನ. ಹೂಂ ಅಂದುಬಿಡು."

ಸುಭಾಸಣ್ಣನದು ಬೈಲಹೊಂಗಲದಲ್ಲಿ ಅರಿವೆ ಅಂಗಡಿ. ಮುಂಜಾನೆಯಿಂದ ಕತ್ತಲಾಗುವವರೆಗೆ ನಿಂತು ಸೀರೆ ಬಿಚ್ಚಬೇಕು, ಮಡಚಬೇಕು. ಸೀರೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಪರೀಕ್ಷೆ ಮುಂದಿನ ತಿಂಗಳು. ಅಂಗಡಿ ಹತ್ತಿದರೆ ಪುಸ್ತಕ ಮುಚ್ಚಿದ ಹಾಗೆಯೇ.

"ಪರೀಕ್ಷಾ ಮುಗಿಲಿ, ಯಪ್ಪಾ."

"ಕರದು ಕೊಟ್ಟ ಕೆಲಸ ಒಲ್ಲೆ ಅನಬಾರದು. ಅಮೋಘಸಿದ್ದಪ್ಪನ ಮಗಳು ಸರಕಾರದ ಕೂಳು ತಿಂದು ಕುಂತಾಳ ಅಂತ ಊರ ಮಂದಿ ಆಡ್ಕೋತೈತಿ."

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಊರು ಅಂದರೆ ಅನ್ನಲಿ. ಅಪ್ಪನೂ ಅಂದನಲ್ಲ ಎಂದು ನನಗೆ ಅಳು ಬಂತು. ಪುಸ್ತಕ ಅಡ್ಡ ಹಿಡಿದು ಕುಳಿತೆ.

ಅಷ್ಟರಲ್ಲಿ ಶಂಕರೆಪ್ಪಗೌಡರು ಬೈಕಿನಲ್ಲಿ ಬಂದರು. ಅವರ ಹೊಲ ದಂಡೆಯ ಮೇಲೇ ಇದೆ. ಹಿಂಡು ಹೊಲದಲ್ಲಿ ತಂಗಿದರೆ ಅವರಿಗೆ ಗೊಬ್ಬರ, ನಮಗೆ ಕಾಳು.

"ಅಮೋಘಸಿದ್ದಪ್ಪ, ಇವತ್ತ ನಮ್ಮ ಹೊಲದಾಗ ಹಿಂಡು ನಿಂದ್ರಸು. ಜೋಳ ಕೊಯ್ದ ಮ್ಯಾಲ ಮಳಿ ಬಿದ್ದು ಹಸರ ಚಿಗತೈತಿ. ಯಾವಾಗಿಗಿಂತ ಒಂದ ಚೀಲ ಹೆಚ್ಚ ಕೊಡತೇನಿ."

ಅಪ್ಪ ಎದ್ದು ನಿಂತು ದಂಡೆಯತ್ತ ನೋಡಿದ. ನಮ್ಮ ಮಗ್ಗುಲಿನ ಹುಲ್ಲು ತೀರಿತ್ತು. ಕುರಿಗಳು ಆ ಹಸಿರಿನತ್ತ ಮೂತಿ ಮಾಡಿ ಒದರುತ್ತಿದ್ದವು. ಕೊಯ್ದ ಜೋಳದ ಎಳೆ ಚಿಗುರು ತಿಂದ ಕುರಿ ನಂಜೇರಿ ಸಾಯುತ್ತದೆ ಎಂಬುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

"ಬ್ಯಾಡ್ರಿ ಗೌಡ್ರ. ಹಸರಿದ್ದದ್ದೆಲ್ಲಾ ಮೇವಲ್ಲ."

"ಹಸದಾವಲ್ಲೊ."

"ಹಸದ್ರ ಮುಂದ ನಡೀತಾವ್ರಿ."

ಗೌಡರು ಹೋದರು. ಅಪ್ಪ ಬುತ್ತಿಗೆ ಕೈ ಹಾಕಿದವನು ತುತ್ತು ಎತ್ತದೆ ಹಾಗೇ ಕುಳಿತ. ಆಡಿದ ಮಾತು ಆಡಿದವನಿಗೇ ತಿರುಗಿ ಮುಟ್ಟುವಾಗ ನಡುವೆ ನಾವು ಬಾಯಿ ಹಾಕಬಾರದು.

"ಏಳು, ನಡಿ," ಎಂದ ಕಡೆಗೆ. "ಆ ತಿರುವಿನ್ಯಾಗ ಹುಲ್ಲು ಇದ್ದೀತು. ಒಲ್ಲೆ ಅಂದಾವ ಕುಂದರಬಾರದು."

ಹೊರಟೆವು. ನನ್ನ ಕಂಕುಳಲ್ಲಿ ಮರಿ, ಕೈಯಲ್ಲಿ ಪುಸ್ತಕ. ಬಿರಿದ ಕೆಸರಿನ ಮೇಲೆ ಕುರಿಗಳು ಬಿಳಿ ಬಿಸಿಲೊಳಗೆ ಕರಗುತ್ತ, ಮತ್ತೆ ಮೂಡುತ್ತ ನಡೆದವು. ಇದು ನೀರಿನ ತಳವೋ, ನನ್ನ ನಿದ್ದೆಯ ತಳವೋ ಎನಿಸಿತು.

"ಜೋರಾಗಿ ಓದು," ಎಂದ ಅಪ್ಪ.

ಓದಿದೆ. ಗಂಟಲು ಒಣಗಿದರೂ ಬಿಡಲಿಲ್ಲ. ಹುಲ್ಲು ಇನ್ನೂ ಕಂಡಿರಲಿಲ್ಲ. ಅಪ್ಪನ ಕಿಸೆಯಲ್ಲಿ ಫೋನು ರಿಂಗಾಯಿತು. ನಾನು ನಿಲ್ಲಿಸಿದೆ. ಓದು ಎಂದು ಕೈಸನ್ನೆ ಮಾಡಿ ಅಪ್ಪ ಫೋನು ಕಿವಿಗಿಟ್ಟ.

"ಇಲ್ಲ ಸುಭಾಸ, ಬರಾಕ ಆಗೂದಿಲ್ಲ. ಅಕಿ ಕೆಲಸದಾಗ ಅದಾಳ."