ಬಚ್ಚಿಟ್ಟ ರೊಟ್ಟಿ ಮಷೀನು

ಬಾಗಿಲು ಬಡಿದರೆ ಸಾಕು, ಜೋರಾಪುರ ಪೇಟೆಯ ಶಂಕ್ರೆವ್ವನ ಎದೆ ಧಸಕ್ಕೆನ್ನುತ್ತಿತ್ತು. ಪಡಸಾಲೆಯಲ್ಲಿ ಹೊಸ ರೊಟ್ಟಿ ಮಷೀನಿತ್ತು. ಯಾರಾದರೂ ಅದನ್ನು ಕಂಡು ಬರೆದುಕೊಂಡರೆ ಬಿಪಿಎಲ್ ಕಾರ್ಡು ಹೋದೀತೆಂಬ ಭಯ. ಗಂಡ ಅಮರಪ್ಪನ ಹೃದಯದ ಚಿಕಿತ್ಸೆ ಆ ಕಾರ್ಡಿನ ಮೇಲೆಯೇ ಆಗಿತ್ತು. ಹಾಸ್ಟೆಲೊಂದರವರು ದಿನಾ ಐನೂರು ರೊಟ್ಟಿ ಕೇಳಿದ್ದರು. ಅದಕ್ಕೆ ಉದ್ಯಮದ ನೋಂದಣಿ ಪತ್ರ ಬೇಕೆಂದಾಗ ಆಕೆ ಉತ್ತರವನ್ನೇ ಕೊಟ್ಟಿರಲಿಲ್ಲ.

ಅಂದು ಮಧ್ಯಾಹ್ನ ಕಂಕುಳಲ್ಲಿ ಫೈಲು ಹಿಡಿದವನೊಬ್ಬ ಹೊಸ್ತಿಲಿಗೆ ಬಂದ. ಗಾಬರಿಯಲ್ಲಿ ಶಂಕ್ರೆವ್ವ ಸ್ವಿಚ್ಚು ಆರಿಸುವುದನ್ನೂ ಮರೆತು, ತಿರುಗುತ್ತಿದ್ದ ಮಷೀನಿನ ಮೇಲೆ ಕೌದಿ ಹೊದಿಸಿದಳು.

"ಈರಯ್ಯನವರ ಮನಿ ಯಾವುದ್ರಿ?" ಎಂದ ಅವನು.

ದಾರಿ ತೋರಿಸಿ ತಿರುಗುವಷ್ಟರಲ್ಲಿ ಒಳಗೆಲ್ಲ ಹೊಗೆ. ಸೊಸೆ ನಂದಾ ಕೌದಿ ಎಳೆದೊಗೆದು ಸ್ವಿಚ್ಚು ಆರಿಸಿದಳು. ಬೆರಳುಗಳಲ್ಲಿ ಬೊಬ್ಬೆ ಎದ್ದವು.

ಹೊಗೆ ಕಂಡು ಪಕ್ಕದ ಮನೆಯ ಸೌಭಾಗ್ಯ ಓಡಿ ಬಂದಳು. ಮಹಿಳಾ ಸಂಘದ ಕಾರ್ಯದರ್ಶಿ ಆಕೆ. ನಂದಾಳ ಕೈಗೆ ತಣ್ಣೀರು ಸುರಿಯುತ್ತಲೇ ಕೇಳಿದಳು: "ಇದೇನ್ರಿ ಅಕ್ಕಾ, ಮಷೀನಿಗೆ ಚಳಿ ಬಂದಿತ್ತೇನ್ರಿ?"

"ನಗಬ್ಯಾಡ ಬೇ. ನೋಂದಣಿ ಮಾಡಿಸಿದ್ರ ಕಾರ್ಡು ಕಸ್ಕೋತಾರಂತ. ಗಿರಣ್ಯಾಗ ಎಲ್ಲಾರೂ ಅಂತಾರ."

"ಗಿರಣಿ ಹಿಟ್ಟು ಬೀಸ್ತದ, ಕಾನೂನಲ್ಲ. ಉದ್ಯಮ ನೋಂದಣಿ ಮಾಡಿಸಿದ್ದಕ್ಕನ ಕಾರ್ಡು ಹೋಗೂದಿಲ್ಲ. ಮನಿ ವರಮಾನ ವರ್ಷಕ್ಕ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿದ್ರ ಹೋಗ್ತದ. ಅದು ಖರೇ, ಸುಳ್ಳ ಹೇಳೂದಿಲ್ಲ."

"ಆಗ ಇವರು ಮತ್ತ ಹಾಸಿಗಿ ಹಿಡಿದ್ರ?"

"ಎಪಿಎಲ್ ಕಾರ್ಡಿದ್ರೂ ಆರೋಗ್ಯ ಯೋಜನ್ಯಾಗ ಸರಕಾರ ನಿಗದಿ ದರದಾಗ ನೂರಕ್ಕ ಮೂವತ್ತು ಕೊಡ್ತದ. ಉಳಿದದ್ದು ನಮ್ಮ ಕೈಯಿಂದ. ಅದಕ್ಕ ದುಡಿಮಿ ಬೆಳೀಬೇಕು."

"ಅಕ್ಕಿ?"

"ಅಕ್ಕಿ ಹೋಗ್ತದ. ಇವತ್ತ ಮಷೀನು ಸುಟ್ಟು ಹೋಗಿದ್ರ ಏನ್ ಮಾಡ್ತಿದ್ರಿ? ಬಚ್ಚಿಟ್ಟದ್ದಕ್ಕ ಯಾರು ವಿಮಾ ಕೊಡ್ತಾರ್ರಿ?"

ಮೂಲೆಯಲ್ಲಿ ಕುಳಿತಿದ್ದ ಅಮರಪ್ಪ ಸೊಸೆಯ ಕೈಯನ್ನೇ ನೋಡುತ್ತಿದ್ದ.

"ನನ್ನ ಎದಿ ನೆಪ ಮಾಡಿ ಈ ಹುಡಿಗಿ ಕೈ ಸುಡಬ್ಯಾಡ," ಎಂದ. "ನಾಳೆ ಹೋಗಿ ಮಾಡಿಸ್ಕೊಂಡ ಬಾ."

ಮರುದಿನ ಸೇವಾ ಕೇಂದ್ರದಲ್ಲಿ ಶಂಕ್ರೆವ್ವ ಆಧಾರ್ ಕೊಟ್ಟು, ನೋಂದಣಿಗಾಗಿ ಮೊಬೈಲಿಗೆ ಬಂದ ಒಟಿಪಿ ಅಂಕಿಯನ್ನು ಓದಿ ಹೇಳಿದಳು. ಅಂಜಿಕೆ ಇನ್ನೂ ಹೋಗಿರಲಿಲ್ಲ. ಆದರೂ ಸಂಜೆಯೊಳಗೆ ಹಾಸ್ಟೆಲ್‌ಗೆ ಹೂಂ ಎಂದಳು.

ಅಕ್ಕಂದಿರೇ, ನಿಮ್ಮ ದುಡಿಮೆಯೂ ಹೀಗೆ ಅಡಗಿ ಕುಳಿತಿದೆಯೇ? ಉದ್ಯಮ ನೋಂದಣಿ ಉಚಿತ. ಅದಕ್ಕೆ ಸರಕಾರಿ ಶುಲ್ಕವಿಲ್ಲ. ತಿನ್ನುವ ಪದಾರ್ಥ ಮಾರುವವರು ಆಹಾರ ಸುರಕ್ಷತಾ ನೋಂದಣಿಯನ್ನೂ ಮಾಡಿಸಬೇಕು. ನಿಯಮಗಳು ಬದಲಾಗಬಹುದು, ಕಾರ್ಡಿನ ವಿಷಯವನ್ನು ಆಹಾರ ಇಲಾಖೆಯ ಕಚೇರಿಯಲ್ಲೇ ಕೇಳಿ. ಆಧಾರ್ ಹಿಡಿದು ಈ ವಾರವೇ ಹತ್ತಿರದ ಸೇವಾ ಕೇಂದ್ರಕ್ಕೆ ಹೊರಡಿ. ಒಬ್ಬರೇ ಹೋಗಲು ಹೆದರಿಕೆಯಾದರೆ, ನಿಮ್ಮಷ್ಟೇ ಹೆದರಿದ ಇನ್ನೊಬ್ಬಳನ್ನು ಜೊತೆಗೆ ಕರೆದುಕೊಳ್ಳಿ.