ಸೋದರಮಾವನ ಜಾಗ

ಚಿಕ್ಕೋಡಿಯ ಫೋಟೋಗ್ರಾಫರ್ ಸಿದ್ದಲಿಂಗನಿಗೆ ಎಷ್ಟು ಲಗ್ನ ತೆಗೆದಿದ್ದೀಯಪ್ಪಾ ಎಂದು ಕೇಳಿದರೆ, ಸಾವಿರದ ಮೇಲೆ ಎನ್ನುತ್ತಾನೆ. ಅಥಣಿಯಿಂದ ನಿಪ್ಪಾಣಿಯವರೆಗೆ ಅವನು ಉಣ್ಣದ ಮಂಗಲ ಕಾರ್ಯಾಲಯವಿಲ್ಲ. ಅವುಗಳಲ್ಲಿ ಕೆಟ್ಟಿದ್ದೆಷ್ಟು ಎಂದು ಕೇಳಿದರೆ ಮಾತ್ರ ಮುಖ ಸಣ್ಣದು ಮಾಡಿಕೊಂಡು ಲೆನ್ಸ್ ಒರೆಸತೊಡಗುತ್ತಾನೆ. ಕೆಟ್ಟಿದ್ದು ಒಂದೇ. ಅದು ಸ್ವಂತ ಅಕ್ಕನದು.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಿಪ್ಪಾಣಿಯ ಒಂದು ಸ್ಟುಡಿಯೋದಲ್ಲಿ ಎಂಟು ತಿಂಗಳು ಕೆಲಸ ಕಲಿತವನಿಗೆ ಎಲ್ಲವೂ ಬಂದೇಬಿಟ್ಟಿತು ಎಂಬ ಸೊಕ್ಕು. ಮನೆಯ ಹುಡುಗನೇ ಇರುವಾಗ ಹೊರಗಿನವರು ಯಾಕೆ ಎಂದು ಅಪ್ಪನೂ ಉಬ್ಬಿಸಿದ. ಗುರುಗಳ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಸಿದ್ದಲಿಂಗ ಅಕ್ಕ ಅನುಸೂಯಾಳ ಲಗ್ನದಲ್ಲಿ ಹಂದರವೆಲ್ಲ ತನ್ನದೇ ಎಂಬಂತೆ ಓಡಾಡಿದ. ಮೂವತ್ತಾರು ಫೋಟೋದ ರೋಲು. ಎಣಿಕೆಯ ಮುಳ್ಳು ಮೂವತ್ತಾರು ದಾಟಿತು, ಮೂವತ್ತೆಂಟಾಯಿತು, ನಲವತ್ತಾಯಿತು. ಪುಕ್ಕಟೆ ನಾಲ್ಕು ಫೋಟೋ ಹೆಚ್ಚಿಗೆ ಬಂದವೆಂದು ಆ ಶಾಣ್ಯಾ ಒಳಗೊಳಗೇ ಹಿಗ್ಗಿದ. ರೋಲಿನ ತುದಿ ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸಿಕ್ಕೇ ಇರಲಿಲ್ಲ. ಒಳಗೆ ಫಿಲ್ಮು ಇದ್ದಲ್ಲೇ ಇತ್ತು, ಇವನು ಮಾತ್ರ ಒತ್ತುತ್ತಲೇ ಇದ್ದ.

ಎರಡನೆಯ ರೋಲು ಸರಿಯಾಗಿ ಕೂತಿತು. ಆದರೆ ಅಷ್ಟೊತ್ತಿಗೆ ಎಲೆ ಹಾಕಿದ್ದರು. ಹೀಗಾಗಿ ಅನುಸೂಯಾಳ ಲಗ್ನದ ಆಲ್ಬಂ ಊಟದ ಪಂಕ್ತಿಯಿಂದಲೇ ಶುರುವಾಗುತ್ತದೆ. ಅದರಲ್ಲಿ ತಾಳಿಯಿಲ್ಲ, ಅಕ್ಷತೆಯ ಅಕ್ಕಿಕಾಳಿಲ್ಲ. ಬೀಗರ ಬಾಯೊಳಗೆ ಹೋಗುತ್ತಿರುವ ಜಿಲೇಬಿ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ವಾರದ ಮೇಲೆ ಅಕ್ಕ ಕಾಗವಾಡದ ಗಂಡನ ಮನೆಯಿಂದ ಮೊದಲ ಸಲ ತವರಿಗೆ ಬಂದಾಗ ಈ ಸುದ್ದಿ ಹೇಳಬೇಕಾಯಿತು. ಅವಳು ಬಾಗಿಲಿಗೆ ಆನಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬೈಯಲಿಲ್ಲ. ಮುಂದೆಂದೂ ಆ ಮಾತು ಎತ್ತಲೂ ಇಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದ. ಆ ಅಳು ಮಾತ್ರ ಅವನ ಎದೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಕೆಲಸ ಕಲಿತ, ನಿಜವಾಗಿ ಕಲಿತ. ಎರಡು ಕ್ಯಾಮೆರಾ, ಪ್ರತಿ ಕ್ಯಾಮೆರಾಕ್ಕೆ ಎರಡು ಕಾರ್ಡು, ಕಿಸೆಯಲ್ಲಿ ಮತ್ತೆರಡು. ಯಾವ ಗಳಿಗೆಯೂ ತಪ್ಪಬಾರದೆಂದು ಮೊದಲೇ ಒತ್ತಿ ಹಿಡಿದರೆ ಮುಗಿದ ಮೇಲೂ ಬಿಡುತ್ತಿರಲಿಲ್ಲ. ಸಿದ್ದಲಿಂಗನ ಕೈ ಅಂದರೆ ಕೈ ಎಂದು ಜನ ಹೊಗಳುತ್ತಿದ್ದರು. ಅಕ್ಕನಿಗೆ ಪ್ರಾಜಕ್ತಾ ಹುಟ್ಟಿದ ದಿನವೇ ಅವನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದ: ಈ ಹುಡುಗಿಯ ಅಕ್ಕಿಕಾಳಿನ ಫೋಟೋ ತಾನೇ ತೆಗೆದು ಅಕ್ಕನ ಕೈಯಲ್ಲಿ ಇಡಬೇಕು, ಆಗ ಈ ಭಾರ ಇಳಿಯುತ್ತದೆ.

ಆ ದಿನ ಬಂತು. ಅನುಸೂಯಾ ಮಗಳ ಲಗ್ನಪತ್ರಿಕೆ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದಳು. ಕುಂಕುಮ ಹಚ್ಚಿ ಪತ್ರಿಕೆ ಕೊಟ್ಟವಳೇ ಹೇಳಿದಳು:

"ಪ್ರಾಜಕ್ತಾನ ಹಿಂದ ನೀನ ನಿಂದ್ರಬೇಕು. ಕಟಾರಿ ನಿನ್ನ ಕೈಯಾಗ."

ಇದನ್ನು ಸಿದ್ದಲಿಂಗ ಮರೆತಿರಲಿಲ್ಲ, ನೆನೆಸಿಕೊಳ್ಳದೆ ಇದ್ದ ಅಷ್ಟೇ. ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿದು ಮಂಗಲಾಷ್ಟಕ ಹೇಳುವಾಗ, ಲಿಂಬೆಹಣ್ಣು ಚುಚ್ಚಿದ ಕಟಾರಿ ಹಿಡಿದುಕೊಂಡು ಮದುಮಗಳ ಬೆನ್ನ ಹಿಂದೆ ನಿಲ್ಲುವವನು ಸೋದರಮಾವ. ಪಟ ಬೀಳುವತನಕ ಅಲ್ಲಿಂದ ಅಲುಗುವಂತಿಲ್ಲ. ಅಲ್ಲಿ ನಿಂತವನಿಗೆ ಕಾಣುವುದು ಮದುಮಗಳ ಹೆರಳು ಮಾತ್ರ.

"ಅಕ್ಕಾ, ದುರಗಪ್ಪಣ್ಣ ನಿಂದರತಾನ ತಗೋ. ಅವನೂ ಕಾಕಾನ ಮಗಾನ ಅಲ್ಲೇನು? ನಾ ಫೋಟೋ ತಗೀಬೇಕು."

"ಒಡಹುಟ್ಟಿದಾಂವ ಇರೂವಾಗ ದುರಗಪ್ಪನ್ನ ಯಾಕ ನಿಂದ್ರಸ್ಲಿ? ಫೋಟೋ ಯಾರ ಬೇಕಾದ್ರೂ ತಗೀತಾರ. ಮಾಮಾ ಆಗಾಂವ ನೀ ಒಬ್ಬನ."

"ನಿನಗ ಗೊತ್ತಿಲ್ಲಕ್ಕಾ, ಇದನ್ನ ನಾನ…" ಎಂದವನು ಲೆನ್ಸ್ ಒರೆಸತೊಡಗಿದ.

ಅಕ್ಕ ಹೋದ ಮೇಲೆ ರಾಯಬಾಗ, ಅಥಣಿ, ಸದಲಗಾ ಎಂದು ಗುರುತಿನ ಫೋಟೋಗ್ರಾಫರುಗಳಿಗೆಲ್ಲ ಫೋನು ಹಚ್ಚಿದ. ದೊಡ್ಡ ಮುಹೂರ್ತ, ಒಬ್ಬನೂ ಖಾಲಿಯಿಲ್ಲ. ತಲೆ ಮೇಲೆ ಕೈಹೊತ್ತು ಕೂತವನಿಗೆ ಕಂಪ್ಯೂಟರಿನ ಹಿಂದಿನಿಂದ ಹೆಂಡತಿ ಮನೀಷಾಳ ದನಿ ಕೇಳಿಸಿತು.

"ನಾ ತಗೀತೀನ್ರಿ."

ಹದಿನಾಲ್ಕು ವರ್ಷದಿಂದ ಅವನು ತಂದು ಸುರಿಯುವ ಫೋಟೋಗಳನ್ನು ಆರಿಸಿ, ತಿದ್ದಿ, ಆಲ್ಬಂ ಮಾಡುವವಳು ಅವಳು. ಕ್ಯಾಮೆರಾ ಹಿಡಿದದ್ದು ಮಾತ್ರ ಕೂಸಿಗೆ ಹೆಸರಿಡುವ ಬಾರಸಿ, ಬರ್ಥ್‌ಡೇಗಳಿಗೆ.

"ಹುಡಗಾಟಕಿ ಅಲ್ಲ ಮನೀಷಾ. ಪಟ ಕಣ್ಣ ಮಿಟಕಸೂದರಾಗ ಬೀಳತೈತಿ. ಒಮ್ಮೆ ಹೋತಂದ್ರ ಹೋತು."

"ಗೊತ್ತೈತಿ. ನೀವು ಪಟ ಬೀಳೂಕಿಂತ ಮೊದಲ ಒತ್ತಾಕ ಚಾಲೂ ಮಾಡ್ತೀರಿ. ಒಂದ ಲಗ್ನಕ್ಕ ಅಕ್ಕಿಕಾಳಿಂದ ನಲವತ್ತ ಫೋಟೋ, ಅದರಾಗ ಮೂವತ್ತೆಂಟ ನಾ ಅಳಸ್ತೀನಿ. ಅಂಜಿ ಒತ್ತಿದ್ದ್ಯಾವು, ನೋಡಿ ಒತ್ತಿದ್ದ್ಯಾವು, ನನಗ ತಿಳೀತೈತ್ರಿ."

ಸಾವಿರ ಲಗ್ನದ ಧಣಿಗೆ ಇಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ, ಅವಳು ಹೇಳಿದ್ದು ಸರಿಯೆಂದೂ ಅನ್ನಿಸಿತು.

ಮುಂದಿನ ಹದಿನೈದು ದಿನ ಅವರ ಮಾಳಿಗೆಯ ಮೇಲೆ ದಿನಾ ಲಗ್ನ. ಎರಡು ಪ್ಲಾಸ್ಟಿಕ್ ಕುರ್ಚಿಗಳೇ ಗಂಡು ಹೆಣ್ಣು, ಸಿದ್ದಲಿಂಗನ ಟವೆಲ್ಲೇ ಅಂತರಪಟ. ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆಯ ಅಕ್ಕವ್ವಾಯಿಯನ್ನೇ ಟವೆಲ್ಲಿನ ಒಂದು ತುದಿ ಹಿಡಿಯಲು ನಿಲ್ಲಿಸಿ, ಇನ್ನೊಂದು ತುದಿ ತಾನು ಹಿಡಿದು, ಅವನು "ಸಾವಧಾನ" ಎಂದು ಕೂಗಿ ಬಿಡುತ್ತಿದ್ದ. ಮನೀಷಾ ಒತ್ತುತ್ತಿದ್ದಳು. ಮೊದಲ ದಿನ ಟವೆಲ್ಲೂ ಬಿತ್ತು, ಫೋಟೋವೂ ಮಸುಕಾಯಿತು. ಬೆಳಕು ಹೇಗೆ ಅಳೆಯುವುದು, ಎಲ್ಲಿ ನಿಂತರೆ ಜನರ ಕೈ ಅಡ್ಡ ಬರುವುದಿಲ್ಲ, ಎಲ್ಲವನ್ನೂ ಅವನು ಹೇಳಿಕೊಟ್ಟ. ಕಾಯುವುದನ್ನು ಮಾತ್ರ ಅವಳಿಗೆ ಹೇಳಿಕೊಡಬೇಕಾಗಲಿಲ್ಲ. ಹತ್ತನೆಯ ದಿನದ ಫೋಟೋದಲ್ಲಿ ಟವೆಲ್ಲು ಅರ್ಧಕ್ಕೆ ಇಳಿದಿತ್ತು, ಕುರ್ಚಿಗಳೆರಡೂ ಒಂದರ ಮುಖ ಒಂದು ನೋಡುತ್ತಿದ್ದವು. ಅಕ್ಕವ್ವಾಯಿ ಇಣುಕಿ ನೋಡಿ, "ಜೋಡಿ ಚಂದ ಐತಿ," ಎಂದು ನಕ್ಕು ಬುಟ್ಟಿ ಎತ್ತಿಕೊಂಡು ಹೋದಳು.

ಲಗ್ನದ ದಿನ ಕಾಗವಾಡದ ಕಾರ್ಯಾಲಯ ತುಂಬಿ ತುಳುಕುತ್ತಿತ್ತು. ಗಂಡಿನವರು ನಿಪ್ಪಾಣಿಯವರು, ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಸಿದ್ದಲಿಂಗನ ತಲೆಗೆ ಕೇಸರಿ ಫೇಟಾ ಸುತ್ತಿ ಕೈಗೆ ಕಟಾರಿ ಕೊಟ್ಟರು. ಕೊರಳಲ್ಲಿ ಕ್ಯಾಮೆರಾ ಇಲ್ಲದೆ ಲಗ್ನದಲ್ಲಿ ನಿಂತದ್ದಕ್ಕೆ ಅವನಿಗೆ ಮೈಮೇಲೆ ಅರಿವೆ ಇಲ್ಲದೆ ನಿಂತಷ್ಟು ನಾಚಿಕೆಯಾಯಿತು. ಎದುರಿಗೆ ಮನೀಷಾ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಳು. ಇನ್ನೂ ಕ್ಯಾಮೆರಾ ಎತ್ತಿರಲಿಲ್ಲ. ಎತ್ತು, ಎತ್ತು ಎಂದು ಇವನು ಕಣ್ಣಲ್ಲೇ ಕೂಗಿದ. ಅವಳು ಎತ್ತಲಿಲ್ಲ.

ಮಂಗಲಾಷ್ಟಕ ಕೊನೆಗೆ ಬಂದಂತೆ ಅವನ ಬಲಗೈ ಬೆರಳು ಕಟಾರಿಯ ಹಿಡಿಯನ್ನು ತಾನಾಗಿಯೇ ಒತ್ತತೊಡಗಿತು. ಆಗ ಪ್ರಾಜಕ್ತಾ ಹೊರಳದೆಯೇ ಪಿಸುಗುಟ್ಟಿದಳು: "ಮಾಮಾ, ಹಿಂದ ಅದಿಯಲ್ಲಾ?"

"ಅದೀನವ್ವಾ," ಎಂದ. ಅವಳ ಭುಜ ನಡುಗುತ್ತಿದ್ದುದು ಅವನಿಗೆ ಅಷ್ಟು ಹತ್ತಿರದಿಂದ ಕಂಡಿತು. ಎಡಗೈಯನ್ನು ಅದರ ಮೇಲೆ ಇಟ್ಟ. ನಡುಕ ನಿಂತಿತು.

"ಶುಭ ಮಂಗಲ ಸಾವಧಾನ!" ಪಟ ಬಿತ್ತು. ನಾಲ್ಕೂ ದಿಕ್ಕಿನಿಂದ ಅಕ್ಕಿಕಾಳು ಸುರಿದವು, ಬಾಜಾ ಬಡಿಯಿತು. ತಾನು ತೆಗೆದ ಸಾವಿರ ಲಗ್ನದಲ್ಲಿ ಒಂದು ಸಲವೂ ಅಕ್ಕಿಕಾಳು ತಲೆಯ ಮೇಲೆ ಬಿದ್ದಿರದ ಮನುಷ್ಯ ಹೋ ಎಂದು ಅತ್ತುಬಿಟ್ಟ.

ಕಟಾರಿ ಯಾರದೋ ಕೈಗೆ ತುರುಕಿ ಸ್ಟೂಲಿನತ್ತ ಓಡಿದ. "ಎಷ್ಟ ತಗದಿ?"

"ಮೂರ."

"ಮೂರ?" ಅವನು ಕ್ಯಾಮೆರಾಕ್ಕೆ ಕೈ ಚಾಚಿದ. ಮನೀಷಾ ಸುಮ್ಮನೆ ಕ್ಯಾಮೆರಾ ತಿರುಗಿಸಿ ತೋರಿಸಿದಳು. ಎರಡನೆಯದರಲ್ಲಿ ಪಟ ಎದೆಮಟ್ಟಕ್ಕೆ ಇಳಿದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಹಳದಿ ಕಾಳು ಗಾಳಿಯಲ್ಲೇ ಇದ್ದವು. ಪ್ರಾಜಕ್ತಾಳ ಹಿಂದೆ ಫೇಟಾ ಸುತ್ತಿದವನೊಬ್ಬ ಅಳಲು ಬಾಯಿ ತೆರೆದಿದ್ದ. ಅದು ತಾನೇ ಎಂದು ಗೊತ್ತಾಗಲು ಸಿದ್ದಲಿಂಗನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಪ್ಪತ್ತೈದು ವರ್ಷದ ಉಸಿರನ್ನು ಒಮ್ಮೆಗೇ ಬಿಟ್ಟ. ಇಂಥದ್ದೊಂದನ್ನು ತಾನು ಎಂದೂ ತೆಗೆದಿಲ್ಲ ಎಂದು ಹೆಂಡತಿಗೆ ಹೇಳಿಯೂಬಿಟ್ಟ.

ಕ್ಯಾಮೆರಾ ಕಸಿದು ಕೊರಳಿಗೆ ಹಾಕಿಕೊಂಡು ಅಕ್ಕನನ್ನು ಹುಡುಕಿದ. ಅನುಸೂಯಾ ಗಂಡ ಸಂಜಯನ ಜೊತೆ ಊಟದ ಪಂಕ್ತಿಯ ಬಾಗಿಲಲ್ಲಿ ನಿಂತು ಮಂದಿಯನ್ನು ಒಳಗೆ ಕರೆಯುತ್ತಿದ್ದಳು.

"ನೋಡಕ್ಕಾ, ಸಿಕ್ಕೈತಿ! ಆವತ್ತ ನಿನ್ನ ಫೋಟೋ ಕೆಡಿಸಿ ನೀ ಅಳೂಹಂಗ ಮಾಡಿದ್ದೆ. ಇವತ್ತ ಅದು ತೀರಿತು."

ಅಕ್ಕ ಫೋಟೋ ನೋಡಿದಳು, ತಮ್ಮನ ಮುಖ ನೋಡಿದಳು.

"ಫೋಟೋಕ್ಕ ಅತ್ತೆನಂತ ನಿನಗ ಯಾರ ಹೇಳಿದ್ರಲೇ ಹುಚ್ಚಾ? ಆವತ್ತ ಪಟ ಬಿದ್ದಕೂಡ್ಲೆ ನಾ ನಿನ್ನ ಮಾರಿ ಹುಡಕಿದೆ. ಊರ ಮಂದಿ ಎಲ್ಲಾ ಅಕ್ಕಿಕಾಳ ಹಾಕಿದ್ರು. ಇರೂದ ಒಬ್ಬ ತಮ್ಮ, ಮಾರಿ ತುಂಬ ಕ್ಯಾಮೆರಾ ಹಿಡಕೊಂಡ ನಿಂತಿದ್ದಿ. ಒಂದ ಕಾಳ ಹಾಕ್ಲಿಲ್ಲ. ನೀ ಫೋಟೋನೂ ಇಲ್ಲಂದಾಗ ಅದ ನೆನಪಾತು, ಅದಕ್ಕ ಅತ್ತಿದ್ದೆ."

ಸಿದ್ದಲಿಂಗ ಫೇಟಾ ತೆಗೆದ. ಅದರ ಮಡಿಕೆಗಳಿಂದ ಹಳದಿ ಅಕ್ಕಿಕಾಳು ಉದುರಿದವು. ಬೊಗಸೆಯಲ್ಲಿ ಹಿಡಿದು, ಮಡಿಕೆ ಮಡಿಕೆ ಬಿಡಿಸಿ ಇದ್ದಷ್ಟನ್ನೂ ಕೂಡಿಸಿಕೊಂಡ. ಹಿಂದೆಯೇ ಬಂದ ಮನೀಷಾ ಮೆಲ್ಲಗೆ ಅವನ ಕೊರಳಿನಿಂದ ಕ್ಯಾಮೆರಾ ತೆಗೆದು ಎತ್ತಿ ಹಿಡಿದಳು.

"ಬ್ಯಾಡ ಮನೀಷಾ," ಎಂದ ಅವನು. "ಅದನ್ನ ಕೆಳಗಿಡ. ಕೈ ಮುಂದ ಮಾಡು, ನೀನೂ ಹಾಕೀಯಂತ."

ಬೊಗಸೆಯ ಕಾಳಿನಲ್ಲಿ ಅರ್ಧ ಅವಳ ಕೈಗೆ ಸುರಿದ. ಭಾವ ಸಂಜಯ ನಗುತ್ತ ಹೆಂಡತಿಯ ಪಕ್ಕ ನೆಟ್ಟಗೆ ನಿಂತುಕೊಂಡ. ಗಂಡ ಹೆಂಡತಿ ಇಬ್ಬರ ತಲೆಯ ಮೇಲೂ ಕಾಳು ಬಿದ್ದವು. ಅನುಸೂಯಾ ಕಣ್ಣು ಮುಚ್ಚಿ ತಲೆ ಬಗ್ಗಿಸಿಯೇ ಇದ್ದಳು.

"ಇನ್ನೊಂದೀಟ ಹಾಕಲೇ," ಎಂದಳು.